ನೂಲಿನಂತೆ ಸೀರೆ

'ತಾಯಿಯಂತೆ ಮಗಳು, ನೂಲಿನಂತೆ ಸೀರೆ' ಎಂಬ ಗಾದೆಯನ್ನು ನಡತೆಯ ವಿಷಯಕ್ಕೆ ಹೇಳಿದ್ದೆಂದು ನಾವು ತಿಳಿದಿದ್ದೇವೆ. ಆದರೆ ನಾಲ್ಕು ಜನ ಹೆಂಗಸರು ಕೂತು ಮಾತಾಡುವ ಕಡೆ ಕಿವಿಗೊಟ್ಟು ನೋಡಿ, ಅದು ಹೆಚ್ಚಾಗಿ ಬಳಕೆಯಾಗುವುದು ಮೈಕಟ್ಟಿನ ವಿಷಯಕ್ಕೇ. 'ಅವಳ ಸೊಂಟ ಥೇಟ್ ಅವಳ ಅಜ್ಜಿಯದೇ ಕಣ್ರೀ', 'ಅವರ ಮನೆ ಹೆಣ್ಣುಮಕ್ಕಳು ಮದುವೆಗೆ ಮುಂಚೆ ಕಡ್ಡಿ, ಎರಡು ಹೆತ್ತ ಮೇಲೆ ಕಣಜ', 'ನಮ್ಮ ಕಡೆಯವರಿಗೆ ಕೈಕಾಲು ಸಣ್ಣ, ತಿಂದದ್ದೆಲ್ಲ ಹೊಟ್ಟೆಗೇ'. ಇಂಥ ಮಾತು ಕೇಳದೆ ಬೆಳೆದ ಹೆಣ್ಣು ನಮ್ಮಲ್ಲಿ ಯಾರಿದ್ದಾರೆ? ಹೇಳುವವರು ವಿಜ್ಞಾನ ಓದಿದವರಲ್ಲ. ಆದರೂ ಒಂದು ನಿಜವನ್ನು ಹಿಡಿದಿದ್ದಾರೆ. ಕೊಬ್ಬು ಎಷ್ಟು ಸೇರುತ್ತದೆ ಎಂಬುದರಲ್ಲಿ ಊಟ, ದುಡಿಮೆಗಳ ಪಾಲು ಬಹಳವಿದೆ. ಎಲ್ಲಿ ಸೇರುತ್ತದೆ ಎಂಬುದರಲ್ಲಿ ಮಾತ್ರ ವಂಶದ ಕೈವಾಡ ದೊಡ್ಡದು.

ನಾನು ಇತಿಹಾಸದ ಪಾಠ ಹೇಳಿ ಹೊಟ್ಟೆ ಹೊರೆದವಳು. ನಮ್ಮ ಪಠ್ಯಪುಸ್ತಕಗಳಲ್ಲಿ ಕಂದಾಯಕ್ಕೆ ಅಳತೆ ಇತ್ತು, ಭೂಮಿಗೆ ಅಳತೆ ಇತ್ತು. ಹೆಣ್ಣಿನ ಮೈಯನ್ನು ಯಾರು ಅಳೆದರು, ಯಾವ ಟೇಪಿನಿಂದ ಅಳೆದರು, ಅಳೆದು ಏನು ತೀರ್ಮಾನಿಸಿದರು ಎಂಬ ಪಾಠ ಇರಲಿಲ್ಲ. ಅದೂ ಒಂದು ಇತಿಹಾಸವೇ. ಅದರಲ್ಲಿ ನೆತ್ತರೂ ಇದೆ, ನಗೆಪಾಟಲೂ ಇದೆ, ನಮ್ಮ ಮೈಸೂರೂ ಇದೆ.

ಆಫ್ರಿಕಾದ ದಕ್ಷಿಣ ತುದಿಯಲ್ಲಿ ಖೋಯ್‌ಖೋಯ್ ಎಂಬ ದನಗಾಹಿ ಜನ. ಅವರದೂ ಅವರ ನೆರೆಯ ಸ್ಯಾನ್ ಬೇಟೆಗಾರರದೂ ಮನುಕುಲದ ವಂಶವೃಕ್ಷದಲ್ಲಿ ತೀರ ಹಿಂದೆಯೇ ಒಡೆದ ಕವಲು. ಆ ಜನದ ಹಲವು ಹೆಂಗಸರಲ್ಲಿ ಕೊಬ್ಬು ಹಿಂಭಾಗದಲ್ಲೂ ತೊಡೆಯಲ್ಲೂ ದಟ್ಟವಾಗಿ ಸೇರುತ್ತದೆ. ಇದು ರೋಗವಲ್ಲ, ತಾಯಿಯಿಂದ ಮಗಳಿಗೆ ಬಂದ ಮೈಕಟ್ಟು. ಸುತ್ತಮುತ್ತಲಿನ ಹೆಂಗಸರೂ ಹಾಗೇ ಇರುವ ಊರಿನಲ್ಲಿ ಅದು ತಿರುಗಿ ನೋಡುವಂಥದ್ದೇನೂ ಅಲ್ಲ.

18ನೆಯ ಶತಮಾನದ ಕೊನೆಯ ಭಾಗದಲ್ಲಿ ಆ ಜನರಲ್ಲಿ ಹುಟ್ಟಿದ ಒಬ್ಬಳು ಸಾರ್ಕಿ ಬಾರ್ಟ್‌ಮನ್. ಸಾರ್ಕಿ ಎಂದರೆ ಡಚ್ಚರ ಮಾತಿನಲ್ಲಿ 'ಪುಟ್ಟ ಸಾರಾ'. ಹೆತ್ತವರು ಇಟ್ಟ ಹೆಸರು ಯಾವ ಕಾಗದದಲ್ಲೂ ಉಳಿದಿಲ್ಲ. ಕೇಪ್‌ಟೌನಿನಲ್ಲಿ ಮನೆಗೆಲಸ ಮಾಡಿಕೊಂಡಿದ್ದ ಅವಳನ್ನು 1810ರಲ್ಲಿ ಅವಳ ಯಜಮಾನನೂ, ಡನ್ಲಪ್ ಎಂಬ ಸೈನ್ಯದ ವೈದ್ಯನೂ ಸೇರಿ ಲಂಡನ್ನಿಗೆ ಕರೆದುಕೊಂಡು ಹೋದರು. ಪಿಕಡಿಲಿ ಬೀದಿಯ ಒಂದು ಕೋಣೆಯಲ್ಲಿ ವೇದಿಕೆ ಹಾಕಿ, ಮೈಬಣ್ಣದ ಬಿಗಿ ಉಡುಪು ತೊಡಿಸಿ ನಿಲ್ಲಿಸಿದರು. ತಲೆಗೆ ಎರಡು ಶಿಲಿಂಗ್. ಬಂದವರಲ್ಲಿ ಒಬ್ಬರು ಚಿವುಟಿದರು, ಒಬ್ಬರು ಬೆತ್ತದಿಂದ ತಿವಿದರು. ಒಬ್ಬಾಕೆ, ಇದು ನಿಜವಾದ ಮೈಯೇ ಹೌದೇ ಎಂದು ತನ್ನ ಕೊಡೆಯ ತುದಿಯಿಂದ ಚುಚ್ಚಿ ನೋಡಿದಳು. ಕೊಡೆ ಹಿಡಿದವಳೂ ಹೆಣ್ಣೇ. ನನ್ನನ್ನು ಬಹಳ ಕಾಡಿದ್ದು ಈ ಮಾತು.

ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಕೆಲವರು ಅದೇ ವರ್ಷ ನವೆಂಬರಿನಲ್ಲಿ ಕೋರ್ಟಿಗೆ ಹೋದರು. ಅವಳ ಹೇಳಿಕೆಯನ್ನು ಡಚ್ ಭಾಷೆಯಲ್ಲಿ ಪಡೆದರು. ತಾನಾಗಿಯೇ ಬಂದಿದ್ದೇನೆ, ಲಾಭದಲ್ಲಿ ಪಾಲು ಸಿಗುತ್ತದೆ ಎಂದಳಂತೆ. ಮೊಕದ್ದಮೆ ಬಿದ್ದುಹೋಯಿತು. ಕಡಲಾಚೆಯ ಊರಿನಲ್ಲಿ, ಕೈಯಲ್ಲಿ ಕಾಸಿಲ್ಲದೆ, ಕರೆತಂದವರ ಮನೆಯಲ್ಲೇ ಇದ್ದವಳು ಇನ್ನೇನು ಹೇಳಿಯಾಳು ಎಂದು ನಾವು ಕೇಳಬಹುದು. ಆ ಕೋರ್ಟಿಗೆ ಹಾಗೆ ಅನಿಸಲಿಲ್ಲ.

1814ರಲ್ಲಿ ಅವಳು ಪ್ಯಾರಿಸ್ಸಿಗೆ ಹೋದಳು. ಅಲ್ಲಿ ಅವಳ ಹೊಸ ಯಜಮಾನ ಪ್ರಾಣಿಗಳನ್ನು ಪಳಗಿಸಿ ಆಡಿಸುವವನು. 1815ರ ಮಾರ್ಚಿಯಲ್ಲಿ ರಾಜೋದ್ಯಾನದಲ್ಲಿ ಅವಳನ್ನು ನಿಲ್ಲಿಸಿ ಆ ಕಾಲದ ದೊಡ್ಡ ದೊಡ್ಡ ಪ್ರಾಣಿಶಾಸ್ತ್ರಜ್ಞರು ಪರೀಕ್ಷೆ ಮಾಡಿದರು, ಚಿತ್ರಕಾರರು ಬರೆದುಕೊಂಡರು. ಸೊಂಟದ ಮುಂದಿನ ತುಂಡುಬಟ್ಟೆಯನ್ನು ಮಾತ್ರ ಅವಳು ಬಿಟ್ಟುಕೊಡಲಿಲ್ಲ. ಅದೇ ಡಿಸೆಂಬರ್ ಕೊನೆಗೆ ಅವಳು ತೀರಿಕೊಂಡಳು. ಬದುಕಿದ್ದಾಗ ಬಿಟ್ಟುಕೊಡದ್ದನ್ನು ಸತ್ತ ಮೇಲೆ ಕಿತ್ತುಕೊಂಡರು. ಜಾರ್ಜ್ ಕುವಿಯೇ ಎಂಬ ಪ್ರಸಿದ್ಧ ವಿಜ್ಞಾನಿ ಅವಳ ದೇಹದ ಅಚ್ಚು ತೆಗೆಸಿ, ಶವವನ್ನು ಕೊಯ್ದು, ಮಿದುಳನ್ನೂ ಗುಪ್ತಾಂಗವನ್ನೂ ಸೀಸೆಗಳಲ್ಲಿ ಇಟ್ಟ. ಅವನು ಬರೆದ ವರದಿಯಲ್ಲೇ ಅವಳಿಗೆ ಒಳ್ಳೆಯ ಜ್ಞಾಪಕಶಕ್ತಿ ಇತ್ತು, ಡಚ್ ಚೆನ್ನಾಗಿ ಬರುತ್ತಿತ್ತು, ಇಂಗ್ಲಿಷೂ ಒಂದಿಷ್ಟು ಬರುತ್ತಿತ್ತು, ಫ್ರೆಂಚ್ ಕಲಿಯತೊಡಗಿದ್ದಳು ಎಂದಿದೆ. ಮೂರು ಭಾಷೆಯ ಹೆಣ್ಣನ್ನು ಕೋತಿಗೆ ಹತ್ತಿರದವಳೆಂದು ಹೋಲಿಸಲು ಅವನ ಲೇಖನಿಗೆ ಅಡ್ಡಿಯಾಗಲಿಲ್ಲ.

ಆ ಅಸ್ಥಿಪಂಜರ, ಆ ಅಚ್ಚು ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿ 1970ರ ದಶಕದವರೆಗೆ ಜನರ ನೋಟಕ್ಕೆ ಇದ್ದವು. ನಾವು ಕಾಲೇಜಿಗೆ ಹೋಗುತ್ತಿದ್ದ ಕಾಲದವರೆಗೂ! 1994ರಲ್ಲಿ ನೆಲ್ಸನ್ ಮಂಡೇಲಾ ಅವನ್ನು ತಮ್ಮ ದೇಶಕ್ಕೆ ಕೇಳಿದರು. ಫ್ರಾನ್ಸ್ ಅದಕ್ಕಾಗಿಯೇ ಒಂದು ಕಾನೂನು ಮಾಡಿ 2002ರಲ್ಲಿ ಕೊಟ್ಟಿತು. ಆ ವರ್ಷದ ಆಗಸ್ಟ್ 9ರಂದು, ದಕ್ಷಿಣ ಆಫ್ರಿಕಾದ ಮಹಿಳಾ ದಿನದಂದು, ಹ್ಯಾಂಕಿ ಎಂಬ ಊರಿನ ಗುಡ್ಡದ ಮೇಲೆ ಅವಳಿಗೆ ಮಣ್ಣು ಸಿಕ್ಕಿತು. ಸತ್ತು 186 ವರ್ಷ ಕಳೆದಿತ್ತು.

ಸಾರ್ಕಿಯ ನಂತರವೂ ಅಳೆಯುವವರ ಚಪಲ ತೀರಲಿಲ್ಲ. 1850ರ ಸುಮಾರಿಗೆ ಫ್ರಾನ್ಸಿಸ್ ಗಾಲ್ಟನ್ ಎಂಬ ಆಂಗ್ಲ ಯುವಕ ಈಗಿನ ನಮೀಬಿಯಾದಲ್ಲಿ ಸಂಚರಿಸುತ್ತಿದ್ದಾಗ ಒಬ್ಬ ಖೋಯ್ ಹೆಂಗಸನ್ನು ಕಂಡ. ಹತ್ತಿರ ಹೋಗಿ ಟೇಪು ಹಿಡಿಯಲು ಸಂಕೋಚ, ಕೇಳೋಣವೆಂದರೆ ಭಾಷೆ ಬಾರದು. ಹಡಗಿನವರು ನಕ್ಷತ್ರ ಅಳೆಯಲು ಬಳಸುವ ಸೆಕ್ಸ್ಟೆಂಟ್ ತೆಗೆದು, ಮರದಡಿ ನಿಂತಿದ್ದ ಆಕೆಯನ್ನು ದೂರದಿಂದಲೇ ಎಲ್ಲ ಕೋನಗಳಿಂದ ಅಳೆದು, ತ್ರಿಕೋನಮಿತಿಯ ಲೆಕ್ಕ ಹಾಕಿದ. ಇದನ್ನು ಒಂದು ಸಾಹಸವೆಂಬಂತೆ 1853ರ ತನ್ನ ಪ್ರವಾಸ ಗ್ರಂಥದಲ್ಲಿ ಅವನೇ ಬರೆದುಕೊಂಡಿದ್ದಾನೆ. ಮನುಷ್ಯರಲ್ಲೂ ಉತ್ತಮ ತಳಿ ಬೆಳೆಸಬೇಕೆಂಬ ವಾದಕ್ಕೆ 'ಯೂಜೆನಿಕ್ಸ್' ಎಂದು 1883ರಲ್ಲಿ ಹೆಸರಿಟ್ಟವನೂ ಇವನೇ. ತಮಾಷೆಯೆಂದರೆ ಆ ದಶಕಗಳಲ್ಲೇ ಲಂಡನ್, ಪ್ಯಾರಿಸ್ಸಿನ ಶ್ರೀಮಂತ ಹೆಂಗಸರು ಲಂಗದ ಹಿಂಬದಿಗೆ ತಂತಿಯ ಚೌಕಟ್ಟು, ಕುದುರೆ ಕೂದಲಿನ ದಿಂಬು ಕಟ್ಟಿಕೊಂಡು ಹಿಂಭಾಗ ದೊಡ್ಡದಾಗಿ ಕಾಣುವಂತೆ ಮಾಡಿಕೊಳ್ಳುತ್ತಿದ್ದರು. ಒಬ್ಬಳಿಗೆ ಹುಟ್ಟಿನಿಂದ ಬಂದರೆ ವಿಕಾರ, ಇನ್ನೊಬ್ಬಳು ದುಡ್ಡು ಕೊಟ್ಟು ಕಟ್ಟಿಕೊಂಡರೆ ಫ್ಯಾಶನ್!

ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕ ಒಬ್ಬ 'ಸರಿಯಾದ' ಹೆಣ್ಣನ್ನೇ ತಯಾರು ಮಾಡಿತು. ಸಿದ್ಧ ಉಡುಪುಗಳಿಗೆ ಅಳತೆ ಗೊತ್ತುಮಾಡಲು ಅಲ್ಲಿನ ಕೃಷಿ ಇಲಾಖೆ 1939–40ರಲ್ಲಿ ಸುಮಾರು 15,000 ಹೆಂಗಸರನ್ನು ಅಳೆಯಿಸಿತು. ಬಿಳಿಯರಲ್ಲದವರ ಅಳತೆಗಳನ್ನು ಲೆಕ್ಕದಿಂದ ಬಿಟ್ಟಿತು. ಆ ಸರಾಸರಿಯನ್ನು ಹಿಡಿದು ಡಿಕಿನ್ಸನ್ ಎಂಬ ಸ್ತ್ರೀರೋಗ ತಜ್ಞರೂ ಬೆಲ್ಸ್‌ಕಿ ಎಂಬ ಶಿಲ್ಪಿಯೂ ಒಂದು ಬಿಳಿಯ ಪ್ರತಿಮೆ ಮಾಡಿದರು. ಅದಕ್ಕೆ 'ನಾರ್ಮಾ' ಎಂದು ಹೆಸರು. 1945ರಲ್ಲಿ ಕ್ಲೀವ್‌ಲ್ಯಾಂಡಿನ ಪತ್ರಿಕೆಯೊಂದು ನಾರ್ಮಾಳನ್ನು ಹೋಲುವ ಹೆಣ್ಣಿಗೆ ಬಹುಮಾನ ಸಾರಿತು. 3,864 ಜನ ತಮ್ಮ ಅಳತೆ ಕಳಿಸಿದರು. ಒಬ್ಬಳಾದರೂ ಎಲ್ಲ ಅಳತೆಗಳಲ್ಲೂ ಹೊಂದಲಿಲ್ಲ. ಎಲ್ಲರ ಸರಾಸರಿ ಯಾರೊಬ್ಬಳೂ ಅಲ್ಲ ಎಂದು ಯಾರಾದರೂ ಹೇಳಬಹುದಿತ್ತು. ಹೆಂಗಸರೇ ಸರಿಯಿಲ್ಲ, ವ್ಯಾಯಾಮ ಸಾಲದು ಎಂದುಕೊಂಡವರೇ ಹೆಚ್ಚು.

ಇಷ್ಟೆಲ್ಲ ಅಳೆದವರು ಒಂದು ಮುಖ್ಯ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ಸೊಂಟದ ಕೆಳಗೆ ಸೇರಿದ ಕೊಬ್ಬೂ ಹೊಟ್ಟೆಯ ಕೊಬ್ಬೂ ಒಂದೇ ಏನು? ಕೇಳಿದವರು ಫ್ರಾನ್ಸಿನ ಮಾರ್ಸೆ ಊರಿನ ವೈದ್ಯ ಝಾನ್ ವಾಗ್. ಮೇಲ್ಭಾಗದಲ್ಲಿ ಕೊಬ್ಬು ಸೇರಿದವರಿಗೆ ಸಕ್ಕರೆ ಕಾಯಿಲೆ, ರಕ್ತನಾಳದ ರೋಗ ಹೆಚ್ಚು, ಸೊಂಟ ತೊಡೆಗಳಲ್ಲಿ ಸೇರಿದವರಿಗೆ ಕಡಿಮೆ ಎಂದು ಅವರು 1947ರಲ್ಲಿ ಬರೆದರು. ಲೋಕ ಅದನ್ನು ಬಹಳ ವರ್ಷ ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ 1,462 ಹೆಂಗಸರನ್ನು 12 ವರ್ಷ ಗಮನಿಸಿ 1984ರಲ್ಲಿ ಪ್ರಕಟಿಸಿದ ಫಲಿತಾಂಶ ಅವರ ಮಾತನ್ನು ಎತ್ತಿಹಿಡಿಯಿತು. ಹೃದಯಾಘಾತದ ಮುನ್ಸೂಚನೆ ಕೊಟ್ಟದ್ದು ಬರಿಯ ತೂಕವಲ್ಲ, ನಡುವಿನ ಸುತ್ತಳತೆಗೂ ನಿತಂಬದ ಸುತ್ತಳತೆಗೂ ಇರುವ ಪ್ರಮಾಣ.

ಕಾರಣ ಅರ್ಥಮಾಡಿಕೊಳ್ಳಲು ಕಷ್ಟವಿಲ್ಲ. ಸೊಂಟ ತೊಡೆಗಳ ಕೊಬ್ಬು ಬ್ಯಾಂಕಿನ ಠೇವಣಿ ಇದ್ದ ಹಾಗೆ. ಸುಮ್ಮನೆ ಕರಗುವುದಿಲ್ಲ, ಬಸುರಿನ ಕೊನೆಯ ತಿಂಗಳುಗಳಲ್ಲಿ, ಮಗುವಿಗೆ ಹಾಲೂಡಿಸುವಾಗ ಒದಗಿಬರುತ್ತದೆ. ಹೊಟ್ಟೆಯೊಳಗೆ ಕರುಳಿನ ಸುತ್ತ ಸೇರುವ ಕೊಬ್ಬು ಹಾಗಲ್ಲ, ಸದಾ ಕರಗಿ ನೇರ ಪಿತ್ತಜನಕಾಂಗಕ್ಕೆ ಹರಿದು ಇನ್ಸುಲಿನ್ನಿನ ಕೆಲಸ ಕೆಡಿಸುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು, ಠೇವಣಿ ಕೆಳಗಿನಿಂದ ಹೊಟ್ಟೆಗೆ ವರ್ಗವಾಗುತ್ತದೆ. 'ಐವತ್ತಾದ ಮೇಲೆ ಹೊಟ್ಟೆ ಬಂತು' ಎಂದು ನಾವು ಹೇಳುವುದು ಇದನ್ನೇ. ಹಾಗಾದರೆ ಲಂಡನ್, ಪ್ಯಾರಿಸ್ಸಿನ ಜನ ಕಾಸು ಕೊಟ್ಟು ಕಂಡು ನಕ್ಕದ್ದು ಯಾವುದನ್ನು? ಮೈಯ ಕೊಬ್ಬಿನಲ್ಲಿ ಹೆಚ್ಚು ನಿರುಪದ್ರವಿಯಾದದ್ದನ್ನು!

ಎಲ್ಲಿ ಸೇರಬೇಕೆಂದು ಹೇಳುವ ನೂಲಿನ ಎಳೆಗಳೂ ಈಗ ಒಂದೊಂದಾಗಿ ಸಿಗುತ್ತಿವೆ. 2015ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರ ವಂಶವಾಹಿಗಳನ್ನು ನೋಡಿದ ಒಂದು ದೊಡ್ಡ ಅಧ್ಯಯನ, ನಡು–ನಿತಂಬದ ಪ್ರಮಾಣಕ್ಕೆ ಸಂಬಂಧಿಸಿದ 49 ತಾಣಗಳನ್ನು ಗುರುತಿಸಿತು. ಅವುಗಳಲ್ಲಿ 20 ತಾಣಗಳು ಗಂಡಿನಲ್ಲಿ ಒಂದು ಬಗೆ, ಹೆಣ್ಣಿನಲ್ಲಿ ಒಂದು ಬಗೆ. ಆ 20ರಲ್ಲಿ 19ರ ಪ್ರಭಾವ ಹೆಣ್ಣಿನಲ್ಲೇ ಜೋರು. ಅಜ್ಜಿಯ ಸೊಂಟ ಮೊಮ್ಮಗಳಿಗೆ ಬಂತೆಂದು ಆಡಿದವರು ಗೆದ್ದರು ಅನ್ನಿ. ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಜನರಲ್ಲಿ ಕೊಬ್ಬಿನ ಹಂಚಿಕೆಗೆ ಸಂಬಂಧಿಸಿದ ಒಂದು ವಂಶವಾಹಿ ತುಣುಕು, ಎಂದೋ ಅಳಿದುಹೋದ ಡೆನಿಸೋವನ್ ಎಂಬ ಮಾನವಕುಲದ ತುಣುಕನ್ನು ಹೋಲುತ್ತದೆಂದು 2017ರಲ್ಲಿ ತಿಳಿಯಿತು. ಪೆಸಿಫಿಕ್ ಸಾಗರದ ಸಮೋವಾ ದ್ವೀಪದವರಲ್ಲಿ ಒಂದು ವಂಶವಾಹಿ ಮೈಯನ್ನು ದಪ್ಪ ಮಾಡುತ್ತದೆ, ಆದರೆ ಸಕ್ಕರೆ ಕಾಯಿಲೆಯ ಸಂಭವವನ್ನು ಇಳಿಸುತ್ತದೆ ಎಂದು 2016ರಲ್ಲಿ ಗೊತ್ತಾಯಿತು. ದಪ್ಪವೆಂದರೆ ರೋಗ, ಸಣ್ಣವೆಂದರೆ ಆರೋಗ್ಯ ಎಂಬ ನಮ್ಮ ಲೆಕ್ಕ ಎಷ್ಟು ಒರಟು ನೋಡಿ. ಹಾಗೆಂದು ಒಂದು ಜನಾಂಗಕ್ಕೆ ಒಂದೇ ಮೈಕಟ್ಟು ಎಂದು ಹೊರಟರೆ ಮತ್ತೆ ಕುವಿಯೇಯ ಹಾದಿಯೇ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕತಂಗಿಯರು ಬೇರೆ ಬೇರೆಯಾಗಿರುವುದನ್ನು ನಾವು ದಿನವೂ ಕಾಣುತ್ತೇವೆ.

ಈಗ ನಮ್ಮ ಮೈಗೆ ಬರೋಣ. ಎತ್ತರಕ್ಕೆ ತಕ್ಕ ತೂಕವೆಷ್ಟು ಎಂದು ಹೇಳಲು ಆಸ್ಪತ್ರೆಗಳಲ್ಲಿ ಬಿ.ಎಂ.ಐ. ಎಂಬ ಲೆಕ್ಕ ಹಾಕುತ್ತಾರೆ. 19ನೆಯ ಶತಮಾನದ ಬೆಲ್ಜಿಯಂ ಗಣಿತಜ್ಞ ಕ್ವೆಟ್ಲೆಯ ಈ ಸೂತ್ರಕ್ಕೆ ಆ ಹೆಸರಿಟ್ಟು ಜಾರಿಗೆ ತಂದದ್ದು 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು. ಅವರು ಆಧರಿಸಿದ್ದು ಐದು ದೇಶಗಳ ಸುಮಾರು 7,400 ಜನರ ಅಳತೆಯನ್ನು. ಅವರೆಲ್ಲರೂ ಗಂಡಸರು! ಆ ಗಂಡಸರ ಕೋಲಿನಿಂದ ನಮ್ಮನ್ನು ಅಳೆಯುವುದು ಮೊದಲಾಯಿತು.

ಅದರ ಫಲವನ್ನು ನಾನು ನಮ್ಮ ಮನೆಯಲ್ಲೇ ಕಂಡೆ. ನಮ್ಮ ಅಮ್ಮ ಐದಡಿ ಎತ್ತರದ, ನಲವತ್ತೇಳು ಕಿಲೋ ತೂಕದ ಜೀವ. ಕೈಕಾಲು ಬಳ್ಳಿಯ ಹಾಗೆ. ತೂಕದ ಯಂತ್ರದ ಮೇಲೆ ನಿಂತಾಗಲೆಲ್ಲ 'ನಿಮಗೇನಮ್ಮ, ಹುಡುಗಿ ಇದ್ದ ಹಾಗಿದ್ದೀರಿ' ಎಂಬ ಶಹಬಾಸ್‌ಗಿರಿ. ಸೆರಗಿನ ಮರೆಯಲ್ಲಿದ್ದ ಪುಟ್ಟ ಹೊಟ್ಟೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಸಕ್ಕರೆ ಕಾಯಿಲೆ ದಪ್ಪಗಿರುವವರಿಗೆ, ಕೂತು ತಿನ್ನುವವರಿಗೆ ಬರುವುದು ಎಂದು ಊರೆಲ್ಲ ನಂಬಿತ್ತು. ಕಾಲಿನ ಗಾಯ ಮಾಯದೆ ಕೊಳೆಯತೊಡಗಿದಾಗಲೇ ರಕ್ತ ಪರೀಕ್ಷೆ ಆದದ್ದು. ಅಷ್ಟರಲ್ಲಿ ಕಾಯಿಲೆ ಕಣ್ಣಿಗೂ ಇಳಿದಿತ್ತು. ಕೊನೆಯ ಆರು ವರ್ಷ ಅಮ್ಮ ರಂಗೋಲಿ ಎಳೆಯನ್ನು ಬೆರಳಿನ ಅಂದಾಜಿನಲ್ಲೇ ಎಳೆದರು.

ಅಮ್ಮನಂಥವರು ಲಕ್ಷಾಂತರ ಇದ್ದರು. ಲಂಡನ್ನಿನಲ್ಲಿ ನೆಲೆಸಿದ್ದ ನಮ್ಮ ಉಪಖಂಡದವರನ್ನೂ ಅಲ್ಲಿನ ಬಿಳಿಯರನ್ನೂ ಹೋಲಿಸಿ 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆ ನಮ್ಮವರಲ್ಲಿ ನೂರಕ್ಕೆ 19, ಅವರಲ್ಲಿ 4. ವ್ಯತ್ಯಾಸ ತೂಕದಲ್ಲಿ ಅಷ್ಟಾಗಿ ಇರಲಿಲ್ಲ, ನಡುವಿನಲ್ಲಿ ಇತ್ತು. 2004ರಲ್ಲಿ ಪುಣೆಯ ಡಾಕ್ಟರ್ ಯಾಜ್ಞಿಕ್ ಅವರೂ ಲಂಡನ್ನಿನ ಡಾಕ್ಟರ್ ಯುಡ್ಕಿನ್ ಅವರೂ ಪಕ್ಕಪಕ್ಕ ನಿಂತ ಒಂದು ಫೋಟೋ ವೈದ್ಯ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿ.ಎಂ.ಐ. ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ಮೈಯಲ್ಲಿ 21.2. ನೋಡಲು ಸಣ್ಣ, ಒಳಗೆ ದಪ್ಪ. ನಮ್ಮ ಮೈಯ ರಹಸ್ಯ ಆ ಚಿತ್ರದಲ್ಲಿತ್ತು.

ಇದರಲ್ಲಿ ನೂಲಿನ ಪಾಲು ಇದೆ. ಮಗ್ಗದ ಪಾಲೂ ಇದೆ. ಆ ಮಗ್ಗ ಯಾವುದೆಂದು ತೋರಿಸಿದ ಊರುಗಳಲ್ಲಿ ನಮ್ಮ ಮೈಸೂರು ಒಂದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದಲೂ ಹುಟ್ಟಿದ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುವ ಪದ್ಧತಿ ಇತ್ತು. ಸಾರ್ಕಿಯನ್ನು ಅಳೆದದ್ದೂ ಅಳತೆಯೇ, ಈ ಹೆರಿಗೆ ಕೋಣೆಯಲ್ಲಿ ಕೂಸನ್ನು ತಕ್ಕಡಿಗೆ ಹಾಕಿ ಬರೆದಿಟ್ಟದ್ದೂ ಅಳತೆಯೇ. ಒಂದು ತೋರಿಸಿ ನಗಲು, ಇನ್ನೊಂದು ಕಾಪಾಡಲು.

1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರೂ ಈ ಆಸ್ಪತ್ರೆಯವರೂ ಸೇರಿ, ಆ ದಾಖಲೆ ಹಿಡಿದು ಅಲ್ಲಿ ಹುಟ್ಟಿದವರನ್ನು ಹುಡುಕಿದರು. 1934ರಿಂದ 1954ರೊಳಗೆ ಹುಟ್ಟಿದ 517 ಜನರನ್ನು ಪರೀಕ್ಷಿಸಿದ ಫಲಿತಾಂಶ 1996ರಲ್ಲಿ ಹೊರಬಂತು. ಹುಟ್ಟುವಾಗ ಸಣ್ಣಗಿದ್ದವರಲ್ಲೇ ಹೃದಯದ ಕಾಯಿಲೆ ಹೆಚ್ಚು. ಯಾರು ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದ್ದರೋ, ಯಾರ ತಾಯಂದಿರು ಬಸುರಿಯಾಗಿದ್ದಾಗಲೂ 45 ಕಿಲೋ ಮುಟ್ಟಿರಲಿಲ್ಲವೋ, ಅಂಥವರಲ್ಲಿ ಐವರಲ್ಲಿ ಒಬ್ಬರಿಗೆ ಆ ಕಾಯಿಲೆ. ಎರಡು ವರ್ಷದ ನಂತರ ಇನ್ನೊಂದು ಫಲಿತಾಂಶ ಬಂತು. ಸಕ್ಕರೆ ಕಾಯಿಲೆಯವರು ಹುಟ್ಟುವಾಗ ಉದ್ದ ಕಡಿಮೆ ಇದ್ದು ಗುಂಡಗಿದ್ದವರು, ಅವರ ತಾಯಂದಿರು ತೂಕ ಹೆಚ್ಚಿದ್ದವರು. ಅಂದರೆ ಬಸುರಿಯ ಹಸಿವೂ ಮಗುವಿಗೆ ಇಳಿಯುತ್ತದೆ, ಬಸುರಿಯ ಸಕ್ಕರೆಯೂ ಇಳಿಯುತ್ತದೆ.

ಇದೇ ಆಸ್ಪತ್ರೆಯಲ್ಲಿ ಮುಂದೆ 1990ರ ದಶಕದ ಕೊನೆಗೆ ಹುಟ್ಟಿದ ಕೂಸುಗಳನ್ನು ಅಳೆದಾಗ ಇನ್ನೊಂದು ಗೊತ್ತಾಯಿತು. ಇಂಗ್ಲೆಂಡಿನ ಕೂಸುಗಳಿಗಿಂತ ನಮ್ಮವು ತೂಕದಲ್ಲಿ, ಉದ್ದದಲ್ಲಿ, ತೋಳಿನ ಸುತ್ತಳತೆಯಲ್ಲಿ ಚಿಕ್ಕವು. ಬೆನ್ನಿನ ಮೇಲೆ ಹೆಗಲಮೂಳೆಯ ಕೆಳಗೆ ಇರುವ ಕೊಬ್ಬಿನ ಪದರ ಮಾತ್ರ ಅಷ್ಟಾಗಿ ಕಡಿಮೆಯಿಲ್ಲ. ಆ ಮಕ್ಕಳಿಗೆ ನಾಲ್ಕು ವರ್ಷ ತುಂಬಿದಾಗಲೂ ಹಾಗೇ. ಸಾಲದ ಊಟದಲ್ಲಿ ಬೆಳೆಯುವ ಮಗು ಮಿದುಳನ್ನೂ ನಡುಮೈಯ ಕೊಬ್ಬನ್ನೂ ಉಳಿಸಿಕೊಂಡು ಮಾಂಸಖಂಡವನ್ನು ಬಿಟ್ಟುಕೊಡುತ್ತದೆ. ನಡುವಯಸ್ಸಿನ ಹೊಟ್ಟೆಯೆಂದು ನಾವು ಜರೆಯುವುದರ ಮೊದಲ ಹೊಲಿಗೆ ತಾಯಿಯ ಹೊಟ್ಟೆಯಲ್ಲೇ ಬಿದ್ದಿರುತ್ತದೆ.

ಇಷ್ಟು ತಿಳಿದ ಮೇಲೆ ಕೋಲೂ ಬದಲಾಗಬೇಕಾಯಿತು. ಏಷ್ಯಾದವರಿಗೆ ಬಿ.ಎಂ.ಐ. 25 ಅಲ್ಲ, 23 ದಾಟಿದಾಗಲೇ ಎಚ್ಚರಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಹೇಳಿದರು. ನಮ್ಮ ದೇಶದ ಹೆಂಗಸರಿಗೆ ನಡುವಿನ ಸುತ್ತಳತೆಯ ಗಡಿ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಅಂಗುಲ. ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಎಲ್ಲರ ಮನೆಯಲ್ಲೂ ಟೇಪು ಇರುತ್ತದೆ. ಕನ್ನಡಿಯ ಮುಂದೆ ನಿಂತು ನಾಚಿಕೊಳ್ಳಲು ಅಲ್ಲ, ತೆಳ್ಳಗಿದ್ದೇನೆಂದು ಬೀಗಲೂ ಅಲ್ಲ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕೋ ಏನೋ ಎಂದು ತಿಳಿಯಲು ಅದನ್ನು ಹಿಡಿಯಬೇಕು. ನಡೆದಾಡಿ, ದುಡಿದು, ಹಿತಮಿತವಾಗಿ ಉಂಡು ನಡುವನ್ನು ಇಳಿಸಬಹುದು. ಅಜ್ಜಿಯಿಂದ ಬಂದ ಸೊಂಟ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ, ಇಳಿಯಬೇಕಾಗಿಯೂ ಇಲ್ಲ.

ನೂಲನ್ನು ಯಾರೂ ಬದಲಾಯಿಸಲಾರರು. ಮಗ್ಗ ನಮ್ಮ ಮನೆಯೊಳಗೇ ಇದೆ. ಎಲ್ಲರ ಊಟ ಆದ ಮೇಲೆ ತಳದಲ್ಲಿ ಉಳಿದ ಅನ್ನ, ಹೋಳಿಲ್ಲದ ಸಾರು ಬಡಿಸಿಕೊಳ್ಳುವವಳು ಯಾರು? ಹೆಚ್ಚು ಮನೆಗಳಲ್ಲಿ ಇನ್ನೂ ಸೊಸೆಯೇ, ಎಷ್ಟೋ ಸಲ ಬಸುರಿ ಸೊಸೆಯೇ. ಮಗು ದೊಡ್ಡದಾದರೆ ಹೆರಿಗೆ ಕಷ್ಟವೆಂದು ಅವಳ ಊಟ ಕಡಿಮೆ ಮಾಡಿಸುವ ಹಿರಿಯರೂ ಇದ್ದಾರೆ. ಹುಡುಗಿಯ ಸೊಂಟ ಯಾರ ಕಡೆಯದು ಎಂದು ತೀರ್ಮಾನ ಮಾಡುವ ಮೊದಲು ಅವಳ ತಟ್ಟೆಯಲ್ಲಿ ಬೇಳೆ, ಸೊಪ್ಪು, ಮೊಟ್ಟೆ, ಹಾಲು ಎಷ್ಟಿದೆ ಎಂದು ಒಮ್ಮೆ ನೋಡೋಣ. ಐವತ್ತು ವರ್ಷದ ಮೇಲೆ ಯಾವುದೋ ಆಸ್ಪತ್ರೆಯಲ್ಲಿ ಯಾರದೋ ಸಕ್ಕರೆಯ ಲೆಕ್ಕ ಆ ತಟ್ಟೆಯಿಂದಲೂ ಶುರುವಾಗಿರುತ್ತದೆ.